ಹಾಯಿದೋಣಿಯ ಕೂವೆಕಂಬದಲ್ಲಿ ಸಡಿಲಾದ ಕ್ಲೀಟ್ ಮತ್ತೆ ಕೂರಿಸುವುದು

ಹಾಯಿ ಏರಿಸುವ ಹಗ್ಗ ಕಟ್ಟುವ ಕ್ಲೀಟ್ ಅಲುಗಾಡುತ್ತಿದ್ದರೆ ಅದನ್ನು ಕಂಬಕ್ಕೆ ಹಿಡಿದಿಟ್ಟ ರಿವೆಟ್ ನೋಡಿ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತಾಗಿದ್ದು ನಡುವೆ ಉಪ್ಪುನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ತೂತಿನ ಸುತ್ತ ಕಾಣುವ ಬಿಳಿ ಪುಡಿ ಅದರದೇ ಗುರುತು.

ಹಳೆ ರಿವೆಟ್‌ನ ನಡುವಿನ ಕಡ್ಡಿಯನ್ನು ಮೊದಲು ಪಂಚ್‌ನಿಂದ ಒಳಕ್ಕೆ ತಟ್ಟಿ. ರಿವೆಟ್ 4.8 ಮಿ.ಮೀ.ನದಾದರೆ 5 ಮಿ.ಮೀ. ಬಿಟ್‌ನಿಂದ ತಲೆಯನ್ನಷ್ಟೇ ಕೊರೆಯಿರಿ. ಬಿಟ್ ಜೊತೆ ರಿವೆಟ್ಟೂ ಗರಗರ ತಿರುಗತೊಡಗಿದರೆ ಕೊರೆಯುವುದನ್ನು ನಿಲ್ಲಿಸಿ, ಕ್ಲೀಟ್‌ನಡಿ ಸ್ಕ್ರೂಡ್ರೈವರ್ ಒತ್ತಿ ಬಿಗಿಹಿಡಿದು ಮುಂದುವರಿಸಿ. ಇಲ್ಲವಾದರೆ ತೂತು ಹಿಗ್ಗುತ್ತದೆ. ಹಿಗ್ಗಿಯೇ ಹೋಗಿದ್ದರೆ, ಕ್ಲೀಟ್‌ನ ತೂತಿಗೆ ಹಿಡಿಸುವುದಾದರೆ 6.4 ಮಿ.ಮೀ. ರಿವೆಟ್ ಹಾಕಿ, ಇಲ್ಲವೇ ಕ್ಲೀಟನ್ನೇ ತುಸು ಮೇಲೆ ಸರಿಸಿ.

ಭಾರ ಬೀಳುವ ಜಾಗಕ್ಕೆ ಅಲ್ಯೂಮಿನಿಯಂ ರಿವೆಟ್ ಸಾಲದು, ಮೊನೆಲ್ (ನಿಕಲ್-ತಾಮ್ರದ ಮಿಶ್ರಲೋಹ) ರಿವೆಟ್ ತನ್ನಿ. ಉದ್ದ ಲೆಕ್ಕ ಹಾಕಿಯೇ ಕೊಳ್ಳಿ: ಕ್ಲೀಟ್‌ನ ತಳ 3, ಕಂಬದ ಗೋಡೆ 2 ಆದರೆ ಒಟ್ಟು 5 ಮಿ.ಮೀ. ದಪ್ಪವನ್ನು ಹಿಡಿಯುವ ರಿವೆಟ್ ಬೇಕು. ತೀರ ಉದ್ದದ್ದಾದರೆ ಒಳಗೆ ಚಾಚಿದ ಬಾಲ ಹಗ್ಗವನ್ನು ತರಿಯುತ್ತದೆ. ತಾನೇ ಕೊರೆದುಕೊಳ್ಳುವ ಸ್ಕ್ರೂ ಇನ್ನೂ ಕೆಟ್ಟದ್ದು.

ಕೈಗವಸು ಹಾಕಿ ಲೋಹ ಸವೆಯದಂತೆ ತಡೆಯುವ ಡ್ಯುರಾಲಾಕ್‌ನಂಥ ಲೇಪವನ್ನು ರಿವೆಟ್‌ಗೂ ಕ್ಲೀಟ್‌ನ ತಳಕ್ಕೂ ಬಳಿಯಿರಿ; ಮೊನೆಲ್‌ಗೂ ಇದು ಬೇಕೇ ಬೇಕು. ಹೊಸ ಜಾಗವಾದರೆ ಒಂದೇ ತೂತು ಕೊರೆದು ರಿವೆಟ್ ಎಳೆದು ಬಿಗಿಸಿ, ಕ್ಲೀಟ್ ನೇರವಿದೆಯೇ ನೋಡಿ, ಆಮೇಲೆ ಎರಡನೆಯದು ಕೊರೆಯಿರಿ. ಒಂದೇ ಕೈಯ ರಿವೆಟ್ ಗನ್‌ಗೆ ಮೊನೆಲ್ ಬಗ್ಗುವುದು ಕಷ್ಟ, ಉದ್ದ ಹಿಡಿಕೆಯ ಗನ್ ಬಳಸಿ. ಒಳಗೆ ಬಿದ್ದ ಕಡ್ಡಿಗಳನ್ನು ಕಂಬ ಓರೆಮಾಡಿ ಅಲ್ಲಾಡಿಸಿ ಹೊರಹಾಕಿ.