ನಲವತ್ತಾರು ಮೀಟರ್ ಹಗ್ಗ

"ಸರ, ನಮ್ಮೂರಾಗ ಡೈನೋಸಾರ್ ಇದ್ವೇನ್ರಿ?" ಗದಗ ಹತ್ತಿರದ ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಹುಡುಗ ಕೇಳಿದ. ನಮ್ಮ ಕಲ್ಲುಗಳಲ್ಲಿ ಸಿಗೋದಿಲ್ಲಪ್ಪ ಎಂದೆ. ಅವನ ಮುಖ ಬಾಡಿತು.

ಆ ವರ್ಷ ಹುಬ್ಬಳ್ಳಿ ದುರ್ಗದಬೈಲಿನಿಂದ ಪ್ಲಾಸ್ಟಿಕ್ ಡೈನೋಸಾರ್ ತಂದೆ. ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ಟಿ-ರೆಕ್ಸ್ ಅಮೆರಿಕದ್ದು ಎಂದು ಹೇಳುವಷ್ಟರಲ್ಲಿ ಎರಡರ ಬಾಲ ಮುರಿದಿತ್ತು. ಮರುವರ್ಷ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಸುರಿದು ಮಾದರಿ ಮಾಡಹೊರಟೆ. ಎರೆಮಣ್ಣಿನ ಅಚ್ಚು ಬೇಸಿಗೆಯ ಹೊಲದ ಹಾಗೆ ಬಿರಿಯಿತು. ಕುಂಬಾರರ ಮಣ್ಣು ತಂದೆ, ನಿಂತಿತು. ಆದರೆ ಎರಡನೇ ಅರ್ಧ ಸುರಿಯುವ ಮುಂಚೆ ಸೋಪಿನ ನೀರು ಸವರುವುದನ್ನು ಮರೆತೆ. ಎರಡೂ ಕಚ್ಚಿಕೊಂಡು ಹತ್ತು ಕಿಲೋ ಹಾಳು. "ಇದೆಲ್ಲ ಪರೀಕ್ಷೆಗೆ ಬರ್ತದೇನ್ರಿ?" ಎಂದರು ಜೊತೆಯ ಮೇಷ್ಟ್ರು ಒಬ್ಬರು.

ಕೊನೆಗೆ ಕೈಹಿಡಿದದ್ದು ಹಗ್ಗ. ಒಂದು ಮೀಟರಿಗೆ 10 ಕೋಟಿ ವರ್ಷ. ಭೂಮಿಯ ವಯಸ್ಸು 460 ಕೋಟಿ, ಅಂದರೆ 46 ಮೀಟರ್. ಮೈದಾನದಲ್ಲಿ ಎಳೆದು, ಈ ತುದಿ ಇವತ್ತು ಎಂದೆ. ಡೈನೋಸಾರ್ ಎಲ್ಲಿ ನಿಲ್ಲುತ್ತವೆ, ಕಪ್ಪತಗುಡ್ಡದ ಕಲ್ಲು ಎಲ್ಲಿ, ನೀವೇ ಹೋಗಿ ನಿಲ್ಲಿ. ಹೆಚ್ಚುಕಮ್ಮಿ ಎಲ್ಲರೂ ಡೈನೋಸಾರ್ ಹಿಡಿದು ದೂರದ ತುದಿಗೆ ಓಡಿದರು! ಆಮೇಲೆ ರಿಬ್ಬನ್ ಕಟ್ಟಿದ ಗುರುತು ತೋರಿಸಿದೆ. ಡೈನೋಸಾರ್ ಶುರುವಾಗಿದ್ದು ಇವತ್ತಿನಿಂದ ಬರೀ 2.3 ಮೀಟರ್ ಹಿಂದೆ, ಮುಗಿದದ್ದು 66 ಸೆಂಟಿಮೀಟರಿಗೆ. ಗುಡ್ಡದ ಕಲ್ಲು 25 ಮೀಟರ್ ದಾಟಿ ಆಚೆ. ಮನುಷ್ಯ? ಮೂರು ಮಿಲಿಮೀಟರ್.

"ಹಂಗಾದ್ರ ನಮ್ಮ ಗುಡ್ಡ ಡೈನೋಸಾರ್‌ಗೂ ಅಜ್ಜನಾ!" ಎಂದ ಅದೇ ಹುಡುಗ. ಅಲ್ಲಿಂದ ಪ್ರಶ್ನೆಗಳ ಮಳೆ. ಗೋಕಾಕ ಹತ್ತಿರ ಸಿಕ್ಕ ಖಡ್ಗಮೃಗದ ಪಳೆಯುಳಿಕೆ ಬಗ್ಗೆ 1874ರಲ್ಲೇ ಭೂವಿಜ್ಞಾನಿ ಬ್ರೂಸ್ ಫೂಟ್ ಬರೆದಿದ್ದಾರೆ ಎಂದಾಗ ಬಾಯಿ ತೆರೆದು ಕೂತರು. ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್ ಎಂಬ ಡೈನೋಸಾರ್ ಈಗ ಅವರಿಗೆ ನೆಂಟ.

ಸುಮ್ನೆ ಕೂರದೆ ಮೊಟ್ಟೆಗೂ ಕೈ ಹಾಕಿದೆ. ನರ್ಮದಾ ಕಣಿವೆಯಲ್ಲಿ ಸಿಕ್ಕ ಟೈಟನೋಸಾರ್ (ಉದ್ದ ಕತ್ತಿನ ಡೈನೋಸಾರ್) ಮೊಟ್ಟೆಗಳು ಸುಮಾರು 15ರಿಂದ 17 ಸೆಂಟಿಮೀಟರ್ ಅಗಲ. ಬಲೂನಿನ ಮೇಲೆ ಹಳೆ ಪೇಪರ್, ಮೈದಾ ಅಂಟು. ಮೊದಲ ಐದನ್ನು ಇಲಿ ತಿಂದವು. ಈಗ ತಿನ್ನುವುದಿಲ್ಲ. ಅಂಟಿಗೆ ಏನು ಬೆರೆಸುತ್ತೇನೆ ಎಂದು ಮಾತ್ರ ಕೇಳಬೇಡಿ.

ಹಗ್ಗ, ರಿಬ್ಬನ್, ಬಲೂನು ಸೇರಿ ಮುನ್ನೂರೈವತ್ತರ ಆಸುಪಾಸು. ಮೊನ್ನೆ ಅದೇ ಮೇಷ್ಟ್ರು ಬಂದು ಹಗ್ಗ ಕೇಳಿದರು. ಕೊಟ್ಟೆ, ರಿಬ್ಬನ್ ಎಲ್ಲ ಬಿಚ್ಚಿಕೊಂಡು.