ಎರಡು ಶಾಲೆ, ಎರಡು ಕ್ಯಾಲೆಂಡರ್: ನನ್ನ ಅನುಭವ

ಮಗಳಿಗೆ ಒಂದು ವರ್ಷ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಜಪಾನಿನ ಹೈಸ್ಕೂಲಿನಲ್ಲಿ ಓದುವ ಆಸೆ. ವರ್ಷ ಅಂದರೆ ಎಲ್ಲ ಕಡೆಯೂ ಒಂದೇ ಅಂದುಕೊಂಡದ್ದೇ ನನ್ನ ತಪ್ಪು. ಅಲ್ಲಿ ಶಾಲೆ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ, ನಾವಿರುವ ಕಡೆ ಸೆಪ್ಟೆಂಬರ್‌ನಿಂದ ಜೂನ್. ಪೂರ್ತಿ ವರ್ಷ ಕಳಿಸಿದರೆ ಒಂದು ತರಗತಿಯ ಕೊನೆ, ಮುಂದಿನದರ ಮುಕ್ಕಾಲು ಭಾಗ, ಎರಡೂ ತಪ್ಪುತ್ತಿದ್ದವು. ಆಸ್ಟ್ರೇಲಿಯಾ ನೋಡಿದೆ, ಅಲ್ಲಿ ಜನವರಿ ಕೊನೆಯಿಂದ ಡಿಸೆಂಬರ್. ಅದೂ ಹೊಂದಲಿಲ್ಲ.

ಕೊನೆಗೆ ದೊಡ್ಡ ಹಾಳೆಯಲ್ಲಿ 24 ತಿಂಗಳು ಸಾಲಾಗಿ ಬರೆದು, ಮೇಲೆ ನಮ್ಮ ಶಾಲೆ, ಕೆಳಗೆ ಜಪಾನಿನದು, ರಜೆಗೆ ಹಸಿರು, ಪರೀಕ್ಷೆಗೆ ಕೆಂಪು ಬಳಿದೆ. ಆಗ ಕಣ್ಣಿಗೆ ಬಿತ್ತು. ಜಪಾನಿನ ಎರಡನೇ ಟರ್ಮ್ ಹೆಚ್ಚುಕಡಿಮೆ ಸೆಪ್ಟೆಂಬರ್‌ನಿಂದ ಡಿಸೆಂಬರ್! ಆಗಸ್ಟ್ ಕೊನೆಗೆ ಹೋಗಿ ಡಿಸೆಂಬರ್ ಕೊನೆಗೆ ಬಂದರೆ ತಪ್ಪುವುದು ಒಂದೇ ತರಗತಿಯ ಮೊದಲ ಭಾಗ. ಪೂರ್ತಿ ವರ್ಷ ಇಲ್ಲ ಅಂತ ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು, ಅಷ್ಟು ಬಿಟ್ಟರೆ ಜಾಸ್ತಿ ಗಲಾಟೆ ಆಗಲಿಲ್ಲ.

ಆಮೇಲೆ ವೀಸಾ, ದಾಖಲೆಗಳ ದಿನಗಳನ್ನು ಹೊರಡುವ ತಾರೀಖಿನಿಂದ ಹಿಂದಕ್ಕೆ ಎಣಿಸಿದೆ. ಹಾಜರಾತಿ ಏನಾಗುತ್ತದೆ, ವಾಪಸ್ ಬಂದಾಗ ಅದೇ ತರಗತಿಗೆ ಸೇರಿಸಿಕೊಳ್ಳುತ್ತಾರಾ, ಇದನ್ನು ನಮ್ಮ ಶಾಲೆಯಿಂದ ಬರೆಸಿಕೊಂಡೆ. ಮೊದಲು ಫೋನಿನಲ್ಲಿ 'ಆಗುತ್ತೆ' ಅಂದವರೇ ಮುಂದಿನ ವಾರ 'ನೋಡೋಣ' ಅಂದಿದ್ದರು, ಅದಕ್ಕೇ.