ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ನರ್ಸ್ ಕೇಳಿದಾಗ

"ದಿನಕ್ಕೆ ಎಷ್ಟು?" ನರ್ಸ್ ಹಿಂದಿಯಲ್ಲಿ ಕೇಳಿದರು. ಎರಡು ಕ್ವಾರ್ಟರ್ ಅಂದೆ. ಕೊನೆಯದು ಯಾವಾಗ? ನಿನ್ನೆ ರಾತ್ರಿ. ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿತ್ತಾ? ಇಲ್ಲ.

ಮೂರಕ್ಕೆ ಮೂರೂ ಸುಳ್ಳು. ಕುಡಿಯುತ್ತಿದ್ದದ್ದು ದಿನಕ್ಕೆ ನಾಲ್ಕು ಕ್ವಾರ್ಟರ್, ಅಂದರೆ 180 ಎಂಎಲ್‌ನ ನಾಲ್ಕು ಬಾಟಲಿ. ಕೊನೆಯದನ್ನು ಕುಡಿದದ್ದು ಅದೇ ದಿನ ಬೆಳಿಗ್ಗೆ ಆರಕ್ಕೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು. ಫಿಟ್ಸ್ ಅಂತೂ ಒಂದೂವರೆ ವರ್ಷದ ಹಿಂದೆಯೇ ಬಂದಿತ್ತು. ನಾನು ದಾಖಲಾದದ್ದು 2019ರ ಜನವರಿಯಲ್ಲಿ. ಮುಂಬೈ ಪಕ್ಕದ ಠಾಣೆ ಊರಿನ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಮನೋರೋಗ ವಾರ್ಡು.

ನಾನು ಕುಂದಾಪುರದ ಕಡೆಯವ. ಹದಿನೆಂಟು ವರ್ಷಕ್ಕೆ ಮುಂಬೈಗೆ ಬಂದೆ. ಮಾಣಿಯಾಗಿ ಸೇರಿ, ಆಮೇಲೆ ಒಂದು ಪರ್ಮಿಟ್ ರೂಮಿನ (ಮುಂಬೈಯಲ್ಲಿ ಬಾರಿಗೆ ಹಾಗೆನ್ನುತ್ತಾರೆ) ಗಲ್ಲೆಯಲ್ಲಿ ಹದಿನಾಲ್ಕು ವರ್ಷ ಕುಳಿತವ. ಯಾವ ಟೇಬಲ್ಲಿಗೆ ಎಷ್ಟು ನೈಂಟಿ, ಎಷ್ಟು ಸೋಡಾ ಹೋಯಿತು ಎಂದು ಬಿಲ್ಲು ನೋಡದೆ ಹೇಳುತ್ತಿದ್ದೆ. ರಾತ್ರಿ ಲೆಕ್ಕ ಮುಚ್ಚಿದ ಮೇಲೆ ಒಂದು ಸಿಕ್ಸ್ಟಿಯಿಂದ ಶುರುವಾದದ್ದು ಹತ್ತು ವರ್ಷದಲ್ಲಿ ಬೆಳಗಿನ ಜಾವಕ್ಕೆ ಬಂದು ಮುಟ್ಟಿತು. ಬೆಳಿಗ್ಗೆ ಒಂದು ಕ್ವಾರ್ಟರ್ ಒಳಗೆ ಹೋಗದಿದ್ದರೆ ಕೈ ನಡುಗಿ ನೋಟು ಎಣಿಸಲು ಆಗುತ್ತಿರಲಿಲ್ಲ.

ಆ ಫಿಟ್ಸಿನ ಕತೆಯನ್ನು ಮೊದಲು ಹೇಳಬೇಕು, ಯಾಕೆಂದರೆ ನಮ್ಮೂರಿನವರು ಇವತ್ತಿಗೂ ಇದೇ ತಪ್ಪು ಮಾಡುತ್ತಿದ್ದಾರೆ. 2017ರ ಚೌತಿಗೆ ಊರಿಗೆ ಹೊರಟಿದ್ದೆ. ಅಮ್ಮ ಫೋನಿನಲ್ಲಿ ಅತ್ತು, "ಆನೆಗುಡ್ಡೆ ಗಣಪತಿ ಮೇಲ್ ಆಣಿ ಹಾಕ್ ಮಗಾ" ಅಂದಳು. ಹಾಕಿದೆ. ಮನಸ್ಸು ಮಾಡಿಯೇ ಹಾಕಿದೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಕೊನೆಯ ಪೆಗ್ ಕುಡಿದು, ಮರುದಿನ ಒಂದು ಹನಿಯೂ ಮುಟ್ಟದೆ ಮತ್ಸ್ಯಗಂಧ ರೈಲು ಹತ್ತಿದೆ. ಸಂಜೆಗೆ ಬೆವರು, ಎದೆಬಡಿತ, ವಾಂತಿ. ರತ್ನಾಗಿರಿ ದಾಟಿದ ಮೇಲೆ ನನಗೆ ನೆನಪಿಲ್ಲ. ಎಚ್ಚರವಾದಾಗ ಬೋಗಿಯ ನೆಲದ ಮೇಲಿದ್ದೆ, ಯಾರೋ ಅಂಗೈಯಲ್ಲಿ ಬೀಗದ ಕೈ ಗೊಂಚಲು ತುರುಕಿದ್ದರು, ಬಾಯಲ್ಲಿ ಚಮಚ ಇಡಲು ಹೋಗಿ ಮುಂದಿನ ಹಲ್ಲು ಮುರಿದಿತ್ತು. (ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ, ಬಾಯಿಗೆ ಏನನ್ನೂ ಹಾಕಬಾರದು, ಒಂದು ಬದಿಗೆ ಮಗ್ಗುಲಾಗಿಸಿ ಮಲಗಿಸಬೇಕು.) ಊರಿನ ಡಾಕ್ಟರ ಹತ್ತಿರ ನಾನು ಕುಡಿತದ ವಿಷಯ ಬಾಯಿ ಬಿಡಲಿಲ್ಲ. ಅವರು ಅಪಸ್ಮಾರ ಎಂದು ಮಾತ್ರೆ ಬರೆದರು. ವಾರದಲ್ಲಿ ಮತ್ತೆ ಬಾಟಲಿ ಹಿಡಿದೆ, ಮೈ ಸರಿಯಾಯಿತು. ಕುಡಿದರೆ ಆರೋಗ್ಯ, ಬಿಟ್ಟರೆ ಕಾಯಿಲೆ ಎಂದು ನಾನು ನಂಬಿದ್ದು ಅಲ್ಲಿಂದ.

ಅದರ ಕಾರಣವನ್ನು ನನಗೆ ವಾರ್ಡಿನ ಡಾಕ್ಟರು ವಿವರಿಸಿದರು. ಮದ್ಯ ಮಿದುಳನ್ನು ಅಮುಕಿ ಹಿಡಿಯುತ್ತದೆ. ವರ್ಷಗಟ್ಟಲೆ ಹಾಗೆ ಅಮುಕಿದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಓಟವನ್ನು ಹೆಚ್ಚಿಸಿಕೊಂಡಿರುತ್ತದೆ. ಒಂದೇ ಸಲ ಕೈ ತೆಗೆದರೆ ಅಷ್ಟು ವರ್ಷದ ಓಟವೆಲ್ಲ ಕಡಿವಾಣವಿಲ್ಲದೆ ನುಗ್ಗುತ್ತದೆ. ಆರೆಂಟು ಗಂಟೆಗೆ ನಡುಕ, ಬೆವರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಭ್ರಮೆ ಹತ್ತುತ್ತದೆ, ಡಿಲೀರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ವಾರ್ಡಿನಲ್ಲಿ ಎಲ್ಲರೂ 'ಡಿಟಿ' ಅನ್ನುವುದು. ಅದರಿಂದ ಜೀವವೂ ಹೋಗಬಹುದು. ಫಿಟ್ಸ್ ಒಮ್ಮೆ ಬಂದವರಿಗೆ ಮುಂದಿನ ಸಲವೂ ಬರುವ ಸಾಧ್ಯತೆ ಹೆಚ್ಚು. ಅಂಥ ಪ್ರಶ್ನೆಗೆ ನಾನು ಇಲ್ಲ ಎಂದಿದ್ದೆ.

ವಾರ್ಡಿಗೆ ಬರುವ ಮೊದಲು ಭಾವ ಕುಡಿತ ಬಿಡಿಸುವ ಇನ್ನೊಂದು ಜಾಗ ವಿಚಾರಿಸಿದ್ದರು. ಪಟ್ಟಣದ ಹೊರಗೆ. "ನೀವು ವಿಳಾಸ ಕೊಡಿ, ಗಾಡಿ ಕಳಿಸಿ ಎತ್ತಿಕೊಂಡು ಬರ್ತೇವೆ, ಮೂರು ತಿಂಗಳು ಮುಖ ನೋಡಲಿಕ್ಕೆ ಬರಬೇಡಿ" ಎಂದು ಅಲ್ಲಿಯವರು ಅಂದರಂತೆ. ರಾತ್ರಿ ಡಾಕ್ಟರು ಇರ್ತಾರಾ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಅವಳು ಬೇಡ ಎಂದಳು. ನನ್ನ ಜೀವ ಉಳಿದದ್ದು ಆ ಒಂದು ಪ್ರಶ್ನೆಯಿಂದ ಎಂದೇ ನಾನು ನಂಬಿರುವುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆ ನೋಂದಣಿ ಆಗಿರಬೇಕು. ಸ್ವಂತ ಇಚ್ಛೆಯಿಂದ ಸೇರಿದವನನ್ನು ಅವನ ಒಪ್ಪಿಗೆ ಇಲ್ಲದೆ ತಿಂಗಳುಗಟ್ಟಲೆ ಕೂಡಿಹಾಕುವ ಹಾಗಿಲ್ಲ.

ದಾಖಲಾದಾಗ ಬೆಲ್ಟು, ಬ್ಲೇಡು, ಮೌತ್‌ವಾಶ್, ಸೆಂಟಿನ ಬಾಟಲಿ ಎಲ್ಲ ತೆಗೆದಿಟ್ಟುಕೊಂಡರು. ಸೆಂಟು ಯಾಕೆ ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಅಂದರೆ ಬಿ1 ಇಂಜೆಕ್ಷನ್ ಕೊಟ್ಟರು. ಕುಡುಕರ ಮೈಯಲ್ಲಿ ಅದು ಬರಿದಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಏಟು ಬೀಳಬಹುದು, ನೆನಪು ಶಾಶ್ವತವಾಗಿ ಹೋಗಬಹುದು. ಮನೆಯಲ್ಲಿ 'ಒಂದು ಬಾಟಲಿ ಡ್ರಿಪ್ ಹಾಕಿಸಿ ಸರಿಮಾಡುವ' ಕಂಪೌಂಡರುಗಳು ಇದನ್ನು ತಿಳಿದಿರಬೇಕು.

ಆಮೇಲೆ ಲಿಬ್ರಿಯಂ. ಮದ್ಯ ಮಾಡುತ್ತಿದ್ದ ಅಮುಕುವ ಕೆಲಸವನ್ನು ಆ ಮಾತ್ರೆ ಮೆಲ್ಲಗೆ ಮಾಡುತ್ತದೆ, ಆರೇಳು ದಿನದಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಎಷ್ಟು ಕೊಡಬೇಕು ಎನ್ನುವುದು ಎಷ್ಟು ಕುಡಿಯುತ್ತಿದ್ದಿ ಎನ್ನುವುದರ ಮೇಲೆ. ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ನಾನು ಹೇಳಿದ ಲೆಕ್ಕ 120, ನನ್ನ ಮೈಯ ಲೆಕ್ಕ 240. ಗಲ್ಲೆಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ನಿದ್ದೆ ಮಾಡದ ಮನುಷ್ಯ ನಾನು.

ಎರಡು ಗಂಟೆಗೊಮ್ಮೆ ನರ್ಸ್ ಬಂದು ಕೈ ಚಾಚಿ ಬೆರಳು ಬಿಡಿಸಲು ಹೇಳುತ್ತಿದ್ದರು. ವಾಂತಿ ಬರುತ್ತದಾ, ತಲೆನೋವಾ, ಮೈಮೇಲೆ ಏನಾದರೂ ಹರಿದಾಡಿದ ಹಾಗೆ ಆಗುತ್ತದಾ, ದೀಪ ಕಣ್ಣಿಗೆ ಚುಚ್ಚುತ್ತದಾ, ಇವತ್ತು ಯಾವ ವಾರ. ಹತ್ತು ವಿಷಯ, ಒಟ್ಟು 67 ಅಂಕ. ಅಂಕ ಏರಿದರೆ ಮಾತ್ರೆ ಏರುತ್ತದೆ. ನಾನು ಅಲ್ಲೂ ಗಟ್ಟಿಗನ ಹಾಗೆ ಬೆರಳುಗಳನ್ನು ಬಿಗಿಹಿಡಿದು ತೋರಿಸಿದೆ. ಸಂಜೆಗೆ ಅದು ಸಾಧ್ಯವಾಗಲಿಲ್ಲ. ನೀರಿನ ಲೋಟ ತುಟಿಗೆ ಹೋಗದೆ ಗಲ್ಲಕ್ಕೆ ತಗುಲಿ, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಹೆಂಡತಿ ಡೊಂಬಿವಲಿಯಿಂದ ಬಟ್ಟೆ ತಂದವಳು ಅದನ್ನು ನೋಡಿದಳು. ಕಾಗದದಲ್ಲಿ ಏನು ಬರೆದಿದ್ದೀರಿ ಎಂದು ನರ್ಸನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು: "ಎರಡಲ್ಲ ಸಿಸ್ಟರ್, ನಾಲ್ಕು. ಖಾಲಿ ಬಾಟಲಿ ರದ್ದಿಯವನಿಗೆ ಹಾಕುವುದು ನಾನು. ರೈಲಲ್ಲಿ ಒಂದ್ಸಲ ಫಿಟ್ಸ್ ಬಂದಿದೆ." ಅವಳ ಬಗ್ಗೆ ಆಗ ಹುಟ್ಟಿದ ಸಿಟ್ಟನ್ನು ನೆನೆದರೆ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹತ್ತು ನಿಮಿಷದಲ್ಲಿ ಡಾಕ್ಟರು ಬಂದು ಔಷಧಿ ಏರಿಸಿದರು. ಫಿಟ್ಸ್ ಬರಲಿಲ್ಲ.

ಆದರೆ ಮೂರನೆಯ ರಾತ್ರಿ ಭ್ರಮೆ ಬಂತು. ಮೊದಲೇ ಸತ್ಯ ಹೇಳಿದ್ದರೆ ಬರುತ್ತಲೇ ಇರಲಿಲ್ಲ ಎಂದು ಹೇಳಲಾರೆ. ಅರ್ಧ ದಿನ ಕಡಿಮೆ ಔಷಧಿಯಲ್ಲಿ ಕಳೆದದ್ದು ಮಾತ್ರ ನಿಜ. ನನಗೆ ನೆನಪಿರುವುದು ಇಷ್ಟು: ಗೋಡೆಯಾಚೆ ಮಾಣಿಗಳು ಆರ್ಡರು ಕೂಗುತ್ತಿದ್ದರು, ಕಿಟಕಿಯ ಸರಳಿನ ಮೇಲೆ ಇರುವೆಗಳ ಸಾಲು. ಉಳಿದದ್ದನ್ನು ಹೆಂಡತಿ ಹೇಳಿದ್ದು. ನಾನು ಹಾಸಿಗೆಯ ಮೇಲೆ ಎದ್ದು ಕೂತು, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು, ಹೊದಿಕೆಯ ಅಂಚನ್ನು ಒಂದೊಂದೇ ಮಡಿಕೆ ಮಾಡಿ ನೋಟು ಎಣಿಸುತ್ತಿದ್ದೆನಂತೆ. ಹತ್ತು ಹತ್ತು ಮಡಿಕೆ ಆದಾಗ ಪಕ್ಕಕ್ಕೆ ಇಟ್ಟು, "ಸೇಟು, ಲೆಕ್ಕ ಸರಿ ಬತ್ತಿಲ್ಲ" ಎಂದು ಬೆವರುತ್ತಾ ಮತ್ತೆ ಮೊದಲಿನಿಂದ. ಎರಡು ಗಂಟೆ ಹೊತ್ತು ಹೀಗೇ. ಸಲೈನಿನ ಸೂಜಿ ಕಿತ್ತಾಗ ಕೈಗೆ ಮೆತ್ತನೆಯ ಬ್ಯಾಂಡೇಜು ಕಟ್ಟಿದರು, ಯಾಕೆ ಕಟ್ಟಿದ್ದು, ಎಷ್ಟು ಹೊತ್ತು ಎಂದು ಬರೆದಿಟ್ಟು ಅವಳಿಗೆ ತಿಳಿಸಿದರು. ದುಡಿಯುವ ಕೈ ಭ್ರಮೆಯಲ್ಲೂ ತನ್ನ ಕಸುಬನ್ನೇ ಮಾಡುತ್ತದಂತೆ. ದರ್ಜಿ ಹೊಲಿಯುತ್ತಾನೆ, ಚಾಲಕ ಗೇರು ಹಾಕುತ್ತಾನೆ ಎಂದು ಡಾಕ್ಟರು ಹೇಳಿದರು.

ಪಕ್ಕದ ಮಂಚದಲ್ಲಿ ಒಬ್ಬ ವಿಜಯಪುರದ ಹುಡುಗ, ಸೆಂಟ್ರಿಂಗ್ ಕೆಲಸದವ, ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಕೇಸು. ಮುಂಬೈಯಲ್ಲಿ ಅದನ್ನು ಗರ್ದ್ ಅನ್ನುತ್ತಾರೆ, ಬಿಟ್ಟಾಗಿನ ಯಾತನೆಗೆ ಟರ್ಕಿ ಎನ್ನುತ್ತಾರೆ. ನನ್ನದು ಜೀವ ತೆಗೆಯುವಂಥದ್ದು, ಅವನದು ಜೀವ ಸಾಕು ಅನ್ನಿಸುವಂಥದ್ದು. ಮೂಗು, ಕಣ್ಣು ಸೋರುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಕಾಲು ಒದ್ದಾಡುತ್ತಿತ್ತು. "ಅಣ್ಣಾರ, ಗುಳಿಗಿ ಕೊಡಾಕ ಹೇಳ್ರಿ, ಎಲುಬಿನಾಗ ಯಾರೋ ಕೊರದಂಗ ಆಗಾಕತ್ತೈತಿ" ಎಂದು ನನ್ನ ಕೈ ಹಿಡಿದು ಅಳುತ್ತಿದ್ದ. ನರ್ಸ್ ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದರು. ಕಲ್ಲುಮನಸ್ಸಿನವರು ಎಂದುಕೊಂಡಿದ್ದೆ. ನಾಲಿಗೆಯಡಿ ಇಡುವ ಬ್ಯುಪ್ರಿನಾರ್ಫಿನ್ ಮಾತ್ರೆಯನ್ನು ಗರ್ದಿನ ಪ್ರಭಾವ ಮೈಯಲ್ಲಿ ಇರುವಾಗಲೇ ಕೊಟ್ಟರೆ ಯಾತನೆ ಒಮ್ಮೆಲೇ ದುಪ್ಪಟ್ಟಾಗುತ್ತದೆ, ಅದಕ್ಕೆ ಮೈಮೇಲೆ ಮುಳ್ಳೇಳುವುದನ್ನು ನೋಡಿಯೇ ಕೊಡುವುದು ಎಂದು ಆಮೇಲೆ ಗೊತ್ತಾಯಿತು. ಕೊಟ್ಟ ಅರ್ಧ ಗಂಟೆಗೆ ಅವನು ಚಹಾ ಕೇಳಿದ. ಬಿಡುಗಡೆಯ ದಿನ ಡಾಕ್ಟರು ಅವನ ಅಣ್ಣನಿಗೆ ಒಂದೇ ಮಾತನ್ನು ಮೂರು ಸಲ ಹೇಳಿದರು: ಈಗ ಇವನ ಮೈಗೆ ಹಳೆಯ ಅಭ್ಯಾಸ ಇಲ್ಲ, ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ.

ಎಂಟನೆಯ ದಿನ ನನ್ನ ಬೆರಳು ನೆಟ್ಟಗಿದ್ದವು. ಕುಡಿತ ಬಿಟ್ಟೆ ಎಂದು ಅಮ್ಮನಿಗೆ ಫೋನ್ ಮಾಡಿದೆ. ಡಾಕ್ಟರು ಕೇಳಿಸಿಕೊಂಡು, "ಬಿಟ್ಟಿಲ್ಲ, ಇಳಿದಿದೆ ಅಷ್ಟೇ" ಎಂದರು. ಅದು ಸರಿಯಾಗಿತ್ತು. ಆರು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಡೈಸಲ್ಫಿರಾಂ ಮಾತ್ರೆ ಬೇಕಾ ಎಂದು ಕೇಳಿದರು. ಅದನ್ನು ತಿಂದು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು ಜೀವಕ್ಕೇ ಅಪಾಯ. ರೋಗಿಗೆ ಗೊತ್ತಿಲ್ಲದ ಹಾಗೆ ಸಾರಿಗೆ ಹಾಕಿಕೊಡುವ ಮನೆಯವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾನು ಬೇಡ ಎಂದೆ, ಪರ್ಮಿಟ್ ರೂಮಿನ ಕೆಲಸವನ್ನೇ ಬಿಟ್ಟೆ. ಈಗ ಮಾಟುಂಗದಲ್ಲಿ ಶುದ್ಧ ಶಾಕಾಹಾರಿ ಹೋಟೆಲಿನ ಗಲ್ಲೆ, ಸಂಬಳ ಮೂರನೇ ಒಂದರಷ್ಟು ಕಡಿಮೆ. ವಾರಕ್ಕೆ ಮೂರು ಸಂಜೆ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗ್. ಹಿಂದಿಯಲ್ಲಿ ನಡೆಯುತ್ತದೆ, ಎದೆಯ ಮಾತು ಬರುವಾಗ ನಾನು ಕನ್ನಡಕ್ಕೆ ಜಾರುತ್ತೇನೆ, ಯಾರೂ ಬೇಡ ಎಂದಿಲ್ಲ.

ಖರ್ಚಿನ ವಿಷಯ. ನನ್ನ ವಿಮೆ ಕಂಪನಿ ಒಂದು ಪೈಸೆ ಕೊಡಲಿಲ್ಲ. ಕುಡಿತ ಮತ್ತು ಮಾದಕ ವಸ್ತುವಿನ ಚಿಕಿತ್ಸೆಯನ್ನು ಪಾಲಿಸಿಯಲ್ಲೇ ಹೊರಗಿಟ್ಟಿದ್ದರು. ಹೆಂಡತಿಯ ಎರಡು ಬಳೆ ಹೋದವು. ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ ಹೋಗಬಹುದು ಎಂದು ನಮಗೆ ಆಗ ಯಾರೂ ಹೇಳಲಿಲ್ಲ. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಇದೆ. ಯಾರಿಗೆ ಕೇಳುವುದೆಂದು ತೋಚದಿದ್ದರೆ 14446ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ತಗಲುವುದಿಲ್ಲ.

ಈಗ ಹೋಟೆಲಿನ ನಮ್ಮ ಹುಡುಗರು ಯಾರಾದರೂ ದಾಖಲಾಗುವಾಗ ನನ್ನನ್ನು ಕರೆಯುತ್ತಾರೆ. ಜೊತೆಗೆ ಹೋಗಿ ಕೂರುತ್ತೇನೆ. ಕಳೆದ ತಿಂಗಳು ಬೈಂದೂರಿನ ಒಬ್ಬ ಮಾಣಿ, ಇಪ್ಪತ್ತಾರು ವರ್ಷ, ಅಂಗಿಯ ಬೆನ್ನೆಲ್ಲ ಒದ್ದೆ. ದಿನಕ್ಕೆ ಎಷ್ಟು ಎಂದು ಕೇಳಿದ್ದಕ್ಕೆ "ಎರಡು ಕ್ವಾರ್ಟರ್" ಅಂದ. ನರ್ಸ್ ಬರೆಯುವ ಮೊದಲು ನಾನು ಅವನ ಹೆಗಲ ಮೇಲೆ ಕೈ ಇಟ್ಟು ಕೇಳಿದೆ.

"ಬೆಳಗ್ಗಿಂದ್ ಸೇರ್ಸಿಯಾ ಮಗಾ?"

ಅವನು ತುಂಬಾ ಹೊತ್ತು ನೆಲ ನೋಡಿದ. ಆಮೇಲೆ ಮೆಲ್ಲಗೆ, "ಐದ್" ಅಂದ. ನರ್ಸಿಗೆ ಕನ್ನಡ ಬರುವುದಿಲ್ಲ. ನಾನು ಐದು ಬೆರಳು ಬಿಡಿಸಿ ತೋರಿಸಿದೆ.